ಮುಂಗಾರಿನಲ್ಲಿ ಮನೆಗೆ ಮುತ್ತುವ ಈಸಲು ಹುಳುಗಳು: ಅವುಗಳ ಗುರುತು ಮತ್ತು ನಿವಾರಣೋಪಾಯಗಳು

ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಬಿದ್ದ ಸಂಜೆ ಈಸಲು ಹುಳುಗಳು ತಂಡತಂಡವಾಗಿ ಎದ್ದು ದೀಪಗಳಿಗೆ ಮುತ್ತುವುದನ್ನು ರೈತರೆಲ್ಲರೂ ಬಲ್ಲರು. ಬೆಳಗಾಗುವಷ್ಟರಲ್ಲಿ ಕಳಚಿದ ರೆಕ್ಕೆಗಳು ನೆಲದ ಮೇಲೆ ರಾಶಿಯಾಗಿ ಬಿದ್ದಿರುತ್ತವೆ. ಬೆಂಗಳೂರಿನ ಪಶ್ಚಿಮಕ್ಕೆ 1949ರಲ್ಲಿ ಪ್ರಾರಂಭವಾದ ರಾಜಾಜಿನಗರವು ಕೇತಮಾರನಹಳ್ಳಿಯೇ ಮೊದಲಾದ ಹಳ್ಳಿಗಳ ಭೂಮಿಯಲ್ಲಿ ಬೆಳೆದುದು. ಹೊಲವಿದ್ದ ಕಡೆ ಮನೆಗಳೆದ್ದರೂ ಕೆಂಪು ಮಣ್ಣಿನ ಗೆದ್ದಲು ಅಲ್ಲಿಂದ ಹೋಗಲಿಲ್ಲ. ಹೊಲದ ಮಗ್ಗುಲಲ್ಲಿ ಹೊಸ ಮನೆ ಕಟ್ಟುವವರು ಇದನ್ನು ಮನಸ್ಸಿನಲ್ಲಿಡತಕ್ಕದ್ದು.

ಹುಳುವಿನ ಸ್ವಭಾವ: ಈಸಲು ಬೇರೊಂದು ಜಾತಿಯ ಹುಳುವಲ್ಲ, ರೆಕ್ಕೆ ಮೂಡಿದ ಗೆದ್ದಲಿನ ಗಂಡುಹೆಣ್ಣುಗಳೇ ಈಸಲು. ಮಳೆಯಿಂದ ನೆಲವು ಮೆದುವಾದಾಗ ಇವು ಹೊಸ ಗೂಡು ಹೂಡಲು ಹೊರಡುತ್ತವೆ. ಸ್ವಲ್ಪ ಹೊತ್ತು ಹಾರಿ, ರೆಕ್ಕೆ ಕಳಚಿ, ಜೋಡಿಯಾಗಿ ಮಣ್ಣು ಸೇರುತ್ತವೆ. ಬಹುಪಾಲು ಕಾಗೆ, ಕೋಳಿ, ಹಲ್ಲಿ, ಕಪ್ಪೆಗಳ ಪಾಲಾಗುತ್ತವೆ. ಇವು ಮನುಷ್ಯರನ್ನು ಕಚ್ಚವು. ಮರವನ್ನು ತಿನ್ನತಕ್ಕವು ರೆಕ್ಕೆಯಿಲ್ಲದ ಬಿಳಿಯ ಗೆದ್ದಲುಗಳು.

ಗುರುತು: ರೆಕ್ಕೆಯ ಇರುವೆಗಳೂ ಇದೇ ಕಾಲದಲ್ಲಿ ಬರುವುದುಂಟು. ಇರುವೆಗೆ ನಡು ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಮುಂದಿನ ರೆಕ್ಕೆಗಳು ಹಿಂದಿನವುಗಳಿಗಿಂತ ದೊಡ್ಡವು. ಈಸಲಿಗೆ ನಡು ದಪ್ಪ, ಮೀಸೆ ಮಣಿ ಪೋಣಿಸಿದಂತೆ ನೇರ, ನಾಲ್ಕು ರೆಕ್ಕೆಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು.

ಮುಖ್ಯವಾಗಿ ನೋಡತಕ್ಕದ್ದು: ಹುಳು ಎಲ್ಲಿಂದ ಬಂದಿತೆಂಬುದೇ ಮುಖ್ಯ. ಕಿಟಕಿಯ ಹೊರಗಿನಿಂದ ದೀಪಕ್ಕೆ ಬಂದುದಾದರೆ ಭಯಪಡಬೇಕಾದುದಿಲ್ಲ. ಗೋಡೆಯ ಬಿರುಕು, ನೆಲದ ಸಂದು ಅಥವಾ ಬಾಗಿಲ ಚೌಕಟ್ಟಿನಿಂದ ಹೊರಟುದಾದರೆ ಮನೆಯ ಅಡಿಯಲ್ಲಿಯೇ ಗೂಡಿರುವ ಸಂಭವ ಹೆಚ್ಚು. ಅಂತಹ ಮನೆಯಲ್ಲಿ ತೊಲೆ, ಜಂತೆ, ಧಾನ್ಯದ ಚೀಲ, ಪೆಟ್ಟಿಗೆಯಲ್ಲಿಟ್ಟ ಕ್ರಯಪತ್ರ ಎಲ್ಲವೂ ಅಪಾಯದಲ್ಲಿವೆಯೆಂದು ತಿಳಿಯಬೇಕು.

ನಿವಾರಣೋಪಾಯಗಳು:

1. ಈಸಲು ಎದ್ದ ಸಂಜೆ ಒಳಗಿನ ದೀಪಗಳನ್ನು ಆರಿಸಿ, ಕಿಟಕಿಗಳನ್ನು ಮುಚ್ಚಬೇಕು. ಹೊರಗೆ ದೂರದಲ್ಲೊಂದು ದೀಪವಿಟ್ಟು, ಅದರ ಕೆಳಗೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟರೆ ಹುಳುಗಳು ಅದರಲ್ಲಿ ಬೀಳುತ್ತವೆ. ಅವನ್ನು ಕೋಳಿಗಳಿಗೆ ಹಾಕಬಹುದು.

2. ಗೋಡೆಯ ಮೇಲೆ ಮಣ್ಣಿನ ಸಣ್ಣ ಸುರಂಗಗಳಿದ್ದರೆ ಒಂದು ಕಡೆ ಒಡೆದು ನಾಲ್ಕೈದು ದಿವಸ ನೋಡಬೇಕು. ಮತ್ತೆ ಕಟ್ಟಿದರೆ ಗೆದ್ದಲು ಕೆಲಸದಲ್ಲಿದೆ. ಕಟ್ಟದಿದ್ದ ಮಾತ್ರಕ್ಕೆ ಹೋಯಿತೆನ್ನಲಾಗದು. ಅದು ದಾರಿ ಬದಲಿಸಿರಬಹುದು.

3. ಸೌದೆ, ಬಿದಿರು, ಹಳೆಯ ಹಲಗೆಗಳನ್ನು ಗೋಡೆಗೆ ಒರಗಿಸಿಡಕೂಡದು. ಧಾನ್ಯದ ಚೀಲಗಳನ್ನು ಕಲ್ಲಿನ ಮೇಲೆ, ಗೋಡೆಯಿಂದ ದೂರದಲ್ಲಿಡಬೇಕು. ಮರದ ಕಂಬಗಳು ಮಣ್ಣಿಗೆ ತಾಕದಂತೆ ಕಲ್ಲಿನ ಮೇಲೆ ನಿಲ್ಲಿಸತಕ್ಕದ್ದು.

4. ಬಚ್ಚಲ ನೀರು ಪಾಯದ ಬಳಿ ನಿಲ್ಲದಂತೆ ಕಾಲುವೆ ತೆಗೆಯಬೇಕು.

5. ಮನೆಯ ಸಮೀಪದ ಹುತ್ತದಲ್ಲಿ ಹಾವಿರುವುದುಂಟು, ಆದುದರಿಂದ ಕೈಹಾಕಬಾರದು. ಅಗೆಯಬೇಕಾದರೆ ತಿಳಿದವರ ಸಹಾಯದಿಂದ ಆಳದ ರಾಣಿಹುಳುವಿನವರೆಗೂ ಅಗೆಯಬೇಕು. ಮೇಲಿನ ಮಣ್ಣನ್ನು ಮಾತ್ರ ಕೆಡವಿದರೆ ಹುತ್ತವು ಪುನಃ ಏಳುತ್ತದೆ.

6. ಹಿಂದೆ ಬಳಸುತ್ತಿದ್ದ ಆಲ್ಡ್ರಿನ್ ಔಷಧವು ಈಗ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಹಳೆಯ ಡಬ್ಬಿ ಉಳಿದಿದ್ದರೂ ಉಪಯೋಗಿಸಕೂಡದು. ಔಷಧವೇ ಬೇಕಾದಲ್ಲಿ ಕೃಷಿ ಅಧಿಕಾರಿಗಳನ್ನು ವಿಚಾರಿಸಿ, ಬಾವಿಯಿಂದ ದೂರದಲ್ಲಿ ಮಾತ್ರ ಹಾಕಿಸತಕ್ಕದ್ದು.

ಊರಿನ ಮುಖಂಡರು ಪ್ರತಿವರ್ಷವೂ ಮುಂಗಾರಿಗೆ ಮುಂಚೆ ಶಾಲೆ, ಚಾವಡಿ, ದೇವಸ್ಥಾನಗಳ ಮರಮುಟ್ಟನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಉತ್ತಮ. ಟೊಳ್ಳಾದ ತೊಲೆಯು ತಟ್ಟಿದಾಗಲೇ ತಿಳಿಯುತ್ತದೆ, ಬೀಳುವವರೆಗೆ ಕಾಯಬೇಕಾದುದಿಲ್ಲ.