ಸೂಜಿ ಚುಚ್ಚಿದ ಮೇಲಿನ ಎರಡು ತಾಸು

1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯನ್ನು ಹಳಬರು ಇಂದಿಗೂ ಕೆಎಂಸಿ ಎನ್ನುತ್ತಾರೆ. ನಂತರದವರ ಬಾಯಲ್ಲಿ ಅದು ಕಿಮ್ಸ್. ನೀವು ಅಲ್ಲಿ ಕಲಿಯುತ್ತಿರಲಿ, ಧಾರವಾಡದ ಸತ್ತೂರಿನ ಎಸ್‌ಡಿಎಂನಲ್ಲಿರಲಿ, ವಾರ್ಡಿನಲ್ಲಿ ಬೇಗ ಕೈಗೆ ಬರುವ ಕೆಲಸ ರಕ್ತ ತೆಗೆಯುವುದು. ರೋಗಿಯ ನರ ಸಿಕ್ಕಿತೆಂದು ಸಮಾಧಾನಪಡುವ ಹೊತ್ತಿನಲ್ಲೇ ನಿಮ್ಮ ಬೆರಳಿಗೆ ಅಪಾಯ ಹತ್ತಿರವಾಗಿರುತ್ತದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ, ಅದನ್ನು ಹಿಡಿದು ಡಬ್ಬಿ ಹುಡುಕುತ್ತ ನಡೆಯುವಾಗ, ಹೊಲಿಗೆ ಹಾಕುವಾಗ ಹೆಚ್ಚಾಗಿ ಚುಚ್ಚುತ್ತದೆ.

ಆದ್ದರಿಂದ ಮುಚ್ಚಳ ಹಾಕಲೇಬೇಡಿ. ಡಬ್ಬಿಯನ್ನು ಮೊದಲೇ ಪಕ್ಕದಲ್ಲಿಟ್ಟುಕೊಂಡು ಕೆಲಸ ಆರಂಭಿಸಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಚೂಪು ವಸ್ತುಗಳು ಬಿಳಿಯ, ಸೂಜಿ ತೂರದ ಡಬ್ಬಿಗೆ ಹೋಗಬೇಕು. ಹಾಸಿಗೆಯ ಮೇಲೆ ಬಿಟ್ಟ ಸೂಜಿ ಚುಚ್ಚುವುದು ಬೆಳಿಗ್ಗೆ ಚಾದರ ಬದಲಿಸುವ ಆಯಾಗೆ. ಇದನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಆದರೂ ಚುಚ್ಚಿತು ಅನ್ನೋಣ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬೆರಳನ್ನು ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ಆಮೇಲೆ ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ.

ಈ ಕೊನೆಯದೇ ಕಷ್ಟ. ಬೈಯುತ್ತಾರೆ, ಕೈ ಸರಿ ಇಲ್ಲ ಅನ್ನುತ್ತಾರೆ, ಹಾಸ್ಟೆಲ್ಲಿನಲ್ಲಿ ಸುದ್ದಿಯಾಗುತ್ತದೆ ಎಂದು ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ರಾತ್ರಿಯೆಲ್ಲ ಒಬ್ಬರೇ ಮೊಬೈಲಿನಲ್ಲಿ ಹುಡುಕುತ್ತ ನಡುಗುತ್ತಾರೆ. ಅಷ್ಟರಲ್ಲಿ ಹೊತ್ತು ಜಾರುತ್ತದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ತಾಸಿನೊಳಗೆ ಶುರು ಮಾಡಿದರೆ ಉತ್ತಮ. 72 ತಾಸು ದಾಟಿದರೆ ಕೊಡುವುದಿಲ್ಲ. ಬೇಕೆಂದು ತೀರ್ಮಾನವಾದರೆ 28 ದಿನ ತಪ್ಪದೆ ನುಂಗಬೇಕು. ಇದನ್ನು ಕೇಳುವುದು ದಾಕ್ಷಿಣ್ಯದ ವಿಷಯವಲ್ಲ: 2017ರ ಎಚ್‌ಐವಿ ಕಾಯ್ದೆ ಈ ಚಿಕಿತ್ಸೆಯನ್ನು ಒದಗಿಸುವ ಹೊಣೆಯನ್ನು ಆಸ್ಪತ್ರೆಯ ಮೇಲೇ ಹೊರಿಸಿದೆ.

ಭಯಕ್ಕೂ ಒಂದು ಅಳತೆ ಇರಲಿ. ಎಚ್‌ಐವಿ ಇರುವ ರೋಗಿಯ ರಕ್ತದ ಸೂಜಿ ಚುಚ್ಚಿದ ಸಾವಿರ ಜನರಲ್ಲಿ, ಮಾತ್ರೆ ಇಲ್ಲದೆಯೂ, ಸೋಂಕು ತಗಲುವುದು ಸುಮಾರು 3 ಜನಕ್ಕೆ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ 30ರವರೆಗೂ ತಗಲಬಹುದು. ಹೆಸರು ಕೇಳಿಯೇ ಹೆದರುವುದು ಮೊದಲನೆಯದಕ್ಕೆ, ಸಿದ್ಧರಾಗಬೇಕಾದದ್ದು ಎರಡನೆಯದಕ್ಕೆ. ಅದರ ಲಸಿಕೆ ಮೂರು ಡೋಸು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮುಗಿದ ಒಂದೆರಡು ತಿಂಗಳಲ್ಲಿ ಪ್ರತಿಕಾಯದ ಮಟ್ಟ 10 ದಾಟಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆ ಇದೆ.

ಗಾಯವನ್ನು ಮುಚ್ಚಿಡದಿದ್ದರೆ ಬೇರೆಯವರೂ ಉಳಿಯುತ್ತಾರೆ. 1847ರಲ್ಲಿ ವಿಯೆನ್ನಾದಲ್ಲಿ ಯಾಕೋಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕರ ಬೆರಳಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿತು. ಅವರು ಅದರ ನಂಜಿನಿಂದ ತೀರಿಕೊಂಡರು. ಬಾಣಂತಿಯರ ಸಾವಿನ ಕಾರಣ ಹುಡುಕುತ್ತಿದ್ದ ಗೆಳೆಯ ಸೆಮೆಲ್‌ವೈಸ್, ಅವರ ಶವಪರೀಕ್ಷೆಯ ವರದಿಯಲ್ಲಿ ಅದೇ ಲಕ್ಷಣಗಳನ್ನು ಕಂಡು, ವೈದ್ಯರೆಲ್ಲ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದರು. ಒಂದು ಗಾಯವನ್ನು ಬರೆದಿಟ್ಟಿದ್ದರಿಂದ ಎಷ್ಟೋ ತಾಯಂದಿರು ಉಳಿದರು.

ಮೊದಲ ರಾತ್ರಿ ಡ್ಯೂಟಿಗೆ ಮುಂಚೆ ಕ್ಯಾಶುಯಾಲ್ಟಿಯ ನಂಬರನ್ನು ಮೊಬೈಲಿನಲ್ಲಿ ಹಾಕಿಕೊಳ್ಳಿ, ಎಚ್‌ಐವಿ ತಡೆಯುವ ಮಾತ್ರೆ ರಾತ್ರಿ ಎಲ್ಲಿ ಸಿಗುತ್ತದೆಂದು ಸಿಸ್ಟರನ್ನು ಕೇಳಿಡಿ. ಫೋನಿನಲ್ಲಿ ಇಷ್ಟು ಅಂದರೆ ಸಾಕು: "ಸರ್, ನನಗ ಸೂಜಿ ಚುಚ್ಚೇತ್ರಿ."