ಮೂಗಿನ ಪೈಪು, ಮೂತ್ರದ ಚೀಲ: ಮನೆಯ ಆರೈಕೆ ಗೆಲ್ಲಲು 12 ಸೂತ್ರಗಳು

ಬೀಳಗಿ ತಾಲ್ಲೂಕಿನ ಬಾಡಗಂಡಿ ಎಂದರೆ ಮೊದಲು ನೆನಪಾಗುತ್ತಿದ್ದುದು ಸಕ್ಕರೆ ಕಾರ್ಖಾನೆ. ಈಗ ಅದೇ ಊರಲ್ಲಿ ಎಸ್.ಆರ್. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇವೆ. ಸುತ್ತಲಿನ ಹಳ್ಳಿಗಳಿಗೆ ದೊಡ್ಡ ದವಾಖಾನೆ ಹತ್ತಿರವಾಗಿದೆ. ಆದರೆ ದವಾಖಾನೆ ಎಷ್ಟು ಹತ್ತಿರವಿದ್ದರೂ ಲಕ್ವಾ ಹೊಡೆದವರು, ಬೆನ್ನುಮೂಳೆಗೆ ಪೆಟ್ಟು ಬಿದ್ದವರು ಕೊನೆಗೆ ಬರುವುದು ಮನೆಗೇ. ಮೂಗಿಗೊಂದು ಪೈಪು, ಮೂತ್ರಕ್ಕೊಂದು ಪೈಪು. ಅಲ್ಲಿ ಪಾಳಿಯ ಮೇಲೆ ಸಿಸ್ಟರ್‌ಗಳು ಮಾಡುತ್ತಿದ್ದ ಕೆಲಸ, ಇಲ್ಲಿ ನಿನ್ನೆಯವರೆಗೆ ರೊಟ್ಟಿ ಬಡಿಯುತ್ತಿದ್ದ, ಕಬ್ಬಿಗೆ ನೀರು ಹಾಯಿಸುತ್ತಿದ್ದ ಕೈಗೆ ಬಂದು ಬೀಳುತ್ತದೆ.

ಆ ಕೈ ಇದನ್ನು ಮಾಡಬಲ್ಲದು. ಹಸುಗೂಸನ್ನು ಸಾಕಿದವರಿಗೆ ಅರ್ಧ ವಿದ್ಯೆ ಬಂದೇ ಇದೆ. ಉಳಿದರ್ಧ ಕ್ರಮ: ಪ್ರತಿ ಸಲವೂ ಅದೇ ವರಸೆ, ಅದೇ ನಿಧಾನ. ಪೈಪಿನ ಅನಾಹುತಗಳು ಹುಟ್ಟುವುದು ಅವಸರದ ಒಂದೆರಡು ನಿಮಿಷದಲ್ಲಿ. ಆ ನಿಮಿಷಗಳನ್ನು ಕಾಯುವುದಕ್ಕೇ ಈ ಸೂತ್ರಗಳು. ನಿಮ್ಮ ರೋಗಿಗೆ ವೈದ್ಯರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಮೊದಲು.

1. ಕಲಿಯದೆ ಡಿಸ್ಚಾರ್ಜ್ ಆಗಬೇಡಿ

ಸಿಸ್ಟರ್ ಮಾಡುವುದನ್ನು ನೋಡಿದರೆ ಸಾಲದು. ಅವರು ಎದುರಿಗೆ ನಿಂತಿರುವಾಗ ನೀವೇ ಎರಡು ಸಲ ಊಟ ಹಾಕಿ, ಒಂದು ಸಲ ಚೀಲ ಖಾಲಿ ಮಾಡಿ ತೋರಿಸಿ. ಮನೆಯಿಂದ ಇಬ್ಬರು ಕಲಿಯಿರಿ. ಒಬ್ಬರು ಜ್ವರ ಬಂದು ಮಲಗಿದ ದಿನ ಇನ್ನೊಬ್ಬರು ಬೇಕಾಗುತ್ತದೆ.

ಒಂದು ನೋಟ್‌ಬುಕ್ ಇಟ್ಟು ಇಷ್ಟನ್ನು ಬರೆಸಿಕೊಳ್ಳಿ: ಯಾವ ಪೈಪು, ಯಾವ ತಾರೀಖಿಗೆ ಹಾಕಿದ್ದು, ಯಾವಾಗ ಬದಲಿಸಬೇಕು, ಮೂಗಿನ ಹೊಳ್ಳೆಯ ಹತ್ತಿರ ಯಾವ ಅಂಕಿ ಕಾಣುತ್ತದೆ, ಮೂತ್ರದ ಪೈಪಿನ ಬಲೂನಿಗೆ ಎಷ್ಟು ಮಿ.ಲೀ. ನೀರು ತುಂಬಿದ್ದಾರೆ. ಮೂತ್ರದ ಸಿಲಿಕೋನ್ ಪೈಪು ಸುಮಾರು 12 ವಾರದವರೆಗೂ ಬರಬಹುದು, ಲೇಟೆಕ್ಸ್ ಪೈಪನ್ನು ಅದಕ್ಕಿಂತ ಬೇಗ ಬದಲಿಸಬೇಕು. ಪೈಪಿನ ಮೇಲಿನ 14, 16 ಎಂಬ ಸಂಖ್ಯೆ ಅದರ ದಪ್ಪವನ್ನು ಹೇಳುತ್ತದೆ. 3ರಿಂದ ಭಾಗಿಸಿದರೆ ಮಿಲಿಮೀಟರ್ ಸಿಗುತ್ತದೆ. ರಾತ್ರಿ ಬೇರೆ ದವಾಖಾನೆಗೆ ಓಡಬೇಕಾಗಿ ಬಂದರೆ ಈ ಪುಟವೇ ನಿಮ್ಮ ಪರವಾಗಿ ಮಾತಾಡುತ್ತದೆ.

2. ಮೊದಲು ಕೈ, ಆಮೇಲೆ ಪೈಪು

1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಹೆರಿಗೆ ವಾರ್ಡಿಗೆ ಬರುವ ವೈದ್ಯರೆಲ್ಲ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದರು. ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ನಿಮ್ಮ ಮನೆಗೆ ಸಾಬೂನು, ಹರಿಯುವ ನೀರು, 40ರಿಂದ 60 ಸೆಕೆಂಡು ಸಾಕು. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಮರೆಯಬೇಡಿ. ಬಳೆ, ಉಂಗುರ ತೆಗೆದಿಡಿ. ಪೈಪು ಮುಟ್ಟುವ ಮೊದಲೂ ತೊಳೆಯಿರಿ, ಮುಟ್ಟಿದ ಮೇಲೂ ತೊಳೆಯಿರಿ. ಮೂತ್ರದ ಚೀಲ ಮುಟ್ಟಿದ ಕೈ ಊಟದ ಸಿರಿಂಜಿಗೆ ಹೋಗುವ ಮುನ್ನ ಮತ್ತೊಮ್ಮೆ ತೊಳೆಯಲೇಬೇಕು. ಕೈಗವಸು ಹಾಕಿಕೊಂಡೆ ಎಂದು ಇದನ್ನು ಬಿಡುವಂತಿಲ್ಲ.

3. ಗುರುತು ನೋಡದೆ ಹನಿಯೂ ಹಾಕಬೇಡಿ

ಬ್ರಿಟನ್ನಿನ ವೈದ್ಯ ಜಾನ್ ರೈಲ್ ಹೆಸರಿನ ರೈಲ್ಸ್ ಟ್ಯೂಬ್ ಮೂಗಿನಿಂದ ಹೊಟ್ಟೆಗೆ ಇಳಿಯುತ್ತದೆ. ಗಂಟಲಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಪಕ್ಕಪಕ್ಕದಲ್ಲೇ ಇವೆ. ಕೆಮ್ಮು, ವಾಂತಿ, ರಾತ್ರಿಯ ಒಂದು ಎಳೆತ ಸಾಕು, ತುದಿ ಜಾಗ ಬಿಟ್ಟು ಕದಲಲು. ಊಟ ತಪ್ಪಿ ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಕುತ್ತು.

ಪ್ರತಿ ಊಟಕ್ಕೂ ಮೊದಲು ಮೂರು ನೋಟ: ಮೂಗಿನ ಹತ್ತಿರದ ಅಂಕಿ ನೋಟ್‌ಬುಕ್ಕಿನದೇ ಇದೆಯೇ? ಬಾಯಿ ತೆರೆಸಿದರೆ ಒಳಗೆ ಪೈಪು ಸುರುಳಿ ಸುತ್ತಿದೆಯೇ? ಉಸಿರು, ಕೆಮ್ಮು ಎಂದಿನಂತಿವೆಯೇ? ಕಾಗದದ ಪಟ್ಟಿಯಿಂದ ಪಿಎಚ್ ಪರೀಕ್ಷಿಸಲು ಕಲಿಸಿದ್ದರೆ, ಹೊಟ್ಟೆಯಿಂದ ಎಳೆದ ರಸ 5.5 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಗಾಳಿ ತಳ್ಳಿ ಹೊಟ್ಟೆಯ ಸದ್ದು ಕೇಳುವ ಹಳೆಯ ಪದ್ಧತಿಯನ್ನೂ, ಪೈಪಿನ ತುದಿಯನ್ನು ನೀರಿಗಿಟ್ಟು ಗುಳ್ಳೆ ನೋಡುವುದನ್ನೂ ನಂಬಬೇಡಿ. ಸಂಶಯ ಬಂತೇ? ಒಂದು ಊಟ ತಪ್ಪಿದರೂ ಸರಿ, ದವಾಖಾನೆಯಲ್ಲಿ ತೋರಿಸಿದ ಮೇಲೆಯೇ ಹಾಕಿ. ಹೊರಬಂದ ಪೈಪನ್ನು ಮನೆಯಲ್ಲಿ ಒಳಗೆ ತಳ್ಳಬೇಡಿ.

4. ದಿಂಬು ಸಾಲದು, ಬೆನ್ನೇ ಏಳಬೇಕು

ತಲೆಯ ಕೆಳಗೆ ಎರಡು ದಿಂಬು ಇಟ್ಟರೆ ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚುತ್ತದೆ, ಊಟ ಮೇಲಕ್ಕೆ ಬರುತ್ತದೆ. ಸೊಂಟದಿಂದ ಮೇಲಿನ ಮೈ 30ರಿಂದ 45 ಡಿಗ್ರಿ ಏಳಬೇಕು. ಅಡ್ಡ ಮಲಗಿದ್ದಕ್ಕೂ ನೆಟ್ಟಗೆ ಕೂತದ್ದಕ್ಕೂ ಸರಿ ನಡುವಿನದು 45. ತಲೆಭಾಗ ಏರಿಸುವ ಮಂಚ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಗಟ್ಟಿಯಾಗಿ ಸುತ್ತಿದ ಕೌದಿಗಳನ್ನು ಬೆನ್ನ ಹಿಂದೆ ಮೆಟ್ಟಿಲಿನಂತೆ ಪೇರಿಸಿ. ಊಟ ಮುಗಿದ ಮೇಲೂ ಒಂದು ತಾಸು ಹಾಗೆಯೇ ಇರಲಿ. ಹಾಸಿಗೆ ಹುಣ್ಣು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಊಟಕ್ಕೆ ಮೊದಲೇ ಮುಗಿಯಲಿ.

5. ಊಟ ತಾನೇ ಇಳಿಯಲಿ, ನೀವು ತಳ್ಳಬೇಡಿ

ಸಿರಿಂಜಿನ ದಂಡ ತೆಗೆದು, ಕೊಳವೆಯನ್ನು ರೋಗಿಯ ಹೊಟ್ಟೆಗಿಂತ ಒಂದೆರಡು ಗೇಣು ಮೇಲೆ ಹಿಡಿದು ಹೊಯ್ಯಿರಿ. ಬೇಗ ಇಳಿದರೆ ಕೈ ತಗ್ಗಿಸಿ, ತಡವಾದರೆ ಎತ್ತಿ. ಒಂದು ಸಲಕ್ಕೆ 200ರಿಂದ 250 ಮಿ.ಲೀ., ಅದಕ್ಕೆ 15ರಿಂದ 20 ನಿಮಿಷ ಸಾಮಾನ್ಯ ಲೆಕ್ಕ. ಕೆಮ್ಮು ಬಂದರೆ, ಹೊಟ್ಟೆ ಬಿಗಿದರೆ, ಕೂಡಲೇ ಪೈಪು ಮಡಚಿ ನಿಲ್ಲಿಸಿ.

ಬರೀ ತಿಳಿಗಂಜಿ, ಎಳನೀರಿನಲ್ಲಿ ವಾರಗಟ್ಟಲೆ ಕಳೆದರೆ ರೋಗಿ ಸೊರಗುತ್ತಾನೆ, ಹುಣ್ಣು ಮಾಯುವುದಿಲ್ಲ. ಹೆಸರುಬೇಳೆ, ಹಾಲು, ರಾಗಿ, ಮೊಟ್ಟೆ, ಎಣ್ಣೆ ಯಾವುದು ಎಷ್ಟು ಎಂದು ಆಹಾರ ತಜ್ಞರಿಂದ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದರಂತೂ ಬರೆಸಿಕೊಳ್ಳಲೇಬೇಕು. ಜೋಳದ ನುಚ್ಚು ನಮ್ಮ ನಾಲಿಗೆಗೆ ಎಷ್ಟು ಹಿತವೋ ಪೈಪಿಗೆ ಅಷ್ಟೇ ವೈರಿ. ಮಿಕ್ಸರಿಗೆ ಹಾಕಿದ್ದನ್ನೂ ತೆಳು ಬಟ್ಟೆಯಲ್ಲಿ ಸೋಸಿಯೇ ಹಾಕಿ. ಉಗುರು ಬೆಚ್ಚಗಿನದಾದರೂ ಸರಿ, ಕೋಣೆಯ ತಾಪದ್ದಾದರೂ ಸರಿ, ಬಿಸಿ ಬೇಡ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಮಾಡಿಟ್ಟ ಊಟ ಎರಡು ತಾಸು ದಾಟಿದರೆ ಚೆಲ್ಲಿಬಿಡಿ.

6. ಮುಂದೆ ನೀರು, ಹಿಂದೆ ನೀರು

ಊಟಕ್ಕೆ ಮೊದಲು 30 ಮಿ.ಲೀ., ಮುಗಿದ ಮೇಲೆ 30 ಮಿ.ಲೀ. ಕಾಯಿಸಿ ಆರಿಸಿದ ನೀರು ಹಾಕಿ. ಪೈಪು ಕಟ್ಟದಿರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಗುಳಿಗೆಗಳನ್ನು ಒಂದೊಂದಾಗಿ ನುಣ್ಣಗೆ ಅರೆದು, ನೀರಲ್ಲಿ ಕರಗಿಸಿ, ನಡುವೆ ಸ್ವಲ್ಪ ನೀರು ಬಿಟ್ಟು ಕೊಡಿ. ಎಲ್ಲ ಕೂಡಿಸಿ ಅರೆಯಬೇಡಿ, ಊಟದಲ್ಲಿ ಕಲಸಬೇಡಿ. ನಿಧಾನಕ್ಕೆ ಕರಗುವಂತೆ ಮಾಡಿದ ಗುಳಿಗೆ, ಹೊರಗೆ ವಿಶೇಷ ಲೇಪವಿರುವ ಗುಳಿಗೆಗಳನ್ನು ಅರೆದರೆ ಒಂದೋ ಔಷಧಿ ಒಮ್ಮೆಲೇ ಮೈಗೇರುತ್ತದೆ, ಇಲ್ಲವೇ ಕೆಲಸಕ್ಕೆ ಬಾರದಾಗುತ್ತದೆ. ಯಾವುದನ್ನು ಅರೆಯಬಾರದು ಎಂದು ಔಷಧಿ ಅಂಗಡಿಯಲ್ಲೇ ಕೇಳಿ ಚೀಟಿಯ ಮೇಲೆ ಗುರುತು ಹಾಕಿಸಿ.

ಪೈಪು ಕಟ್ಟಿದರೆ ಉಗುರು ಬೆಚ್ಚಗಿನ ನೀರು ಹಾಕಿ, ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ತಂತಿ ತೂರಿಸಬೇಡಿ, ಬಲ ಹಾಕಬೇಡಿ.

7. ಬಾಯಿ ಉಣ್ಣದಿದ್ದರೂ ಬಾಯಿ ತೊಳೆಯಿರಿ

ಉಣ್ಣದ ಬಾಯಿ ಒಣಗುತ್ತದೆ, ಅಲ್ಲಿ ರೋಗಾಣು ಬೆಳೆಯುತ್ತವೆ, ಜೊಲ್ಲಿನ ಜತೆ ಪುಪ್ಪುಸಕ್ಕೆ ಇಳಿಯುತ್ತವೆ. ದಿನಕ್ಕೆ ಎರಡು ಸಲ ಮೆತ್ತನೆ ಬ್ರಷ್ಷಿನಿಂದ, ಹಿಂಡಿದ ಒದ್ದೆ ಬಟ್ಟೆಯಿಂದ ಹಲ್ಲು, ವಸಡು, ನಾಲಿಗೆ ಒರೆಸಿ. ತುಟಿಗೆ ಏನಾದರೂ ಸವರಿ. ಮೂಗಿಗೆ ಪೈಪು ಅಂಟಿಸಿದ ಪಟ್ಟಿ ಬದಲಿಸುವಾಗ ಹೊಳ್ಳೆ ಕೆಂಪಾಗಿದೆಯೇ ನೋಡಿ.

ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಊರೇ ಬರುತ್ತದೆ. ಪ್ರೀತಿಯಿಂದ ಒಂದು ಚಮಚ ಚಹಾ, ಒಂದು ಉದ್ಧರಣೆ ತೀರ್ಥ ಬಾಯಿಗೆ ಬಿಡುತ್ತಾರೆ. ನುಂಗುವ ಶಕ್ತಿಯನ್ನು ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಅದು ಬೇಡವೇ ಬೇಡ. "ಯಕ್ಕಾ, ಹಣೆಗೆ ಹಚ್ರಿ, ಬಾಯಿಗೆ ಬ್ಯಾಡ" ಎಂದು ಕೈ ಮುಗಿದು ಹೇಳಿ. ಬೇಸರ ಮಾಡಿಕೊಂಡವರನ್ನು ನಾಳೆ ಒಲಿಸಿಕೊಳ್ಳಬಹುದು.

8. ಚೀಲ ಕೆಳಗೆ, ನೆಲಕ್ಕಿಂತ ಮೇಲೆ

ಮೂತ್ರದ ಪೈಪಿಗೆ ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿ ಅವರ ಹೆಸರಿದೆ. ತುದಿಯ ಪುಟ್ಟ ಬಲೂನು ನೀರು ತುಂಬಿಕೊಂಡು ಮೂತ್ರಕೋಶದೊಳಗೆ ನಿಲ್ಲುವುದರಿಂದ ಪೈಪು ಜಾರುವುದಿಲ್ಲ. ಮೂತ್ರ ಇಳಿಯುವುದು ಇಳಿಜಾರಿನ ಬಲದಿಂದ ಮಾತ್ರ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ. ಮಂಚದ ಪಟ್ಟಿಗೆ ಕೊಂಡಿ ಹಾಕಿ, ನೆಲಕ್ಕೆ ತಾಗಿಸಬೇಡಿ. ಮಗ್ಗಲು ಬದಲಿಸುವಾಗ, ಗಾಡಿಗೆ ಎತ್ತುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಬಿಡಿ. ನಿಂತ ಮೂತ್ರ ರೋಗಾಣುಗಳ ಸಮೇತ ಹಿಂದಕ್ಕೆ ಹರಿಯುತ್ತದೆ. ಪೈಪು ತೊಡೆಯ ಕೆಳಗೆ ಸಿಕ್ಕಿಲ್ಲ, ಮಡಚಿಲ್ಲ ಎಂದು ಪ್ರತಿ ಸಲ ನೋಡಿ.

9. ಮುಚ್ಚಿದ ದಾರಿ ತೆರೆಯಬೇಡಿ, ಪೈಪು ಎಳೆಯಬೇಡಿ

ಪೈಪು ಮತ್ತು ಚೀಲ ಸೇರುವ ಜಾಗವನ್ನು ಬಿಚ್ಚಿದರೆ ರೋಗಾಣುವಿಗೆ ಬಾಗಿಲು ತೆರೆದಂತೆ. ಚೀಲ ಮುಕ್ಕಾಲು ತುಂಬುವ ಮೊದಲೇ ಕೆಳಗಿನ ನಲ್ಲಿಯಿಂದ ಖಾಲಿ ಮಾಡಿ. ನಲ್ಲಿಯ ತುದಿ ಪಾತ್ರೆಗೆ ತಾಗದಿರಲಿ. ಪೈಪು ಮೈಯೊಳಗೆ ಹೋಗುವ ಜಾಗವನ್ನು ದಿನಾಲೂ ಸಾಬೂನು ನೀರಿನಿಂದ ತೊಳೆದರೆ ಸಾಕು. ಅರಿಶಿನ, ಪೌಡರ್, ಡೆಟಾಲ್ ಬೇಡ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡಸರಿಗೆ ಮುಂದೊಗಲು ಸರಿಸಿ ತೊಳೆದರೆ ಮರಳಿ ಮುಂದಕ್ಕೆ ತನ್ನಿ. ಮರೆತರೆ ಬಿಗಿದು ಊದಿಕೊಳ್ಳುತ್ತದೆ.

ಪೈಪನ್ನು ತೊಡೆಗೆ ಸ್ವಲ್ಪ ಸಡಿಲ ಬಿಟ್ಟು ಅಂಟಿಸಿ. ಬುದ್ಧಿ ಕಲಕಿದ ಹಿರಿಯರು ಪೈಪು ಕಿತ್ತುಕೊಳ್ಳಲು ನೋಡುತ್ತಾರೆ. ಪೈಪನ್ನು ಪಂಚೆಯ ಒಳಗೆ ಮರೆಮಾಡಿ, ಕೈಗೆ ಹಿಡಿಯಲು ಒಂದು ಬಟ್ಟೆ ಕೊಡಿ, ಹತ್ತಿರ ಕೂತು ಮಾತಾಡಿ. ಬಲೂನು ಊದಿರುವಾಗಲೇ ಕಿತ್ತರೆ ರಕ್ತ ಸುರಿಯುತ್ತದೆ. ತಕ್ಷಣ ದವಾಖಾನೆಗೆ ಹೊರಡಿ.

10. ಬುಡದಿಂದ ತುದಿಯವರೆಗೆ ಬೆರಳಾಡಿಸಿ

ಮೂಗಿನದು, ಮೂತ್ರದ್ದು, ಕೆಲವರಿಗೆ ಸಲೈನ್‌ನದು. ರಾತ್ರಿ ಕರೆಂಟು ಹೋದಾಗ ಎಲ್ಲ ಪೈಪೂ ಒಂದೇ. ಊಟ ರಕ್ತನಾಳಕ್ಕೆ ಹೋಗಿ ಜೀವ ಹೋದ ಘಟನೆಗಳು ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲೇ ನಡೆದಿವೆ. ಆದ್ದರಿಂದಲೇ ಒಂದಕ್ಕೊಂದು ಹೊಂದದ ಜೋಡಣೆಗಳಿಗೆ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಮನೆಯ ಮಾನದಂಡ ಸರಳ: ಮೂಗಿನ ಪೈಪಿಗೆ ಹಸಿರು ಪಟ್ಟಿ, ಮೂತ್ರದ್ದಕ್ಕೆ ಹಳದಿ. ಏನನ್ನಾದರೂ ಜೋಡಿಸುವ ಮೊದಲು ಟಾರ್ಚ್ ಹಿಡಿದು, ಪೈಪು ಮೈಯಿಂದ ಹೊರಡುವ ಜಾಗದಿಂದ ತುದಿಯವರೆಗೆ ಬೆರಳಾಡಿಸಿ.

11. ಇವು ಕಂಡರೆ ಕಾಯಬೇಡಿ

ಊಟದ ವೇಳೆ ಉಸಿರು ಕಟ್ಟುವುದು, ತುಟಿ ನೀಲಿಯಾಗುವುದು. ನಾಲ್ಕು ತಾಸು ಮೂತ್ರ ಬರದಿರುವುದು, ಹೊಟ್ಟೆಯ ಕೆಳಭಾಗ ಉಬ್ಬುವುದು. ಚಳಿಜ್ವರ, ಥಟ್ಟನೆ ಗೊಂದಲ, ಮಂಪರು. ಮೂತ್ರದಲ್ಲಿ ರಕ್ತ. ಬೆನ್ನುಹುರಿಗೆ ಪೆಟ್ಟಾದವರಿಗೆ ಥಟ್ಟನೆ ತಲೆನೋವು, ಮುಖದಲ್ಲಿ ಬೆವರು: ಕೂಡಲೇ ಎಬ್ಬಿಸಿ ಕೂರಿಸಿ, ಪೈಪು ಮಡಚಿದೆಯೇ ನೋಡಿ. ಹೊಟ್ಟೆಗೆ ನೇರ ಹಾಕಿದ ಪೈಪು ಕಳಚುವುದು: ಆ ರಂಧ್ರ ಕೆಲವೇ ತಾಸಿನಲ್ಲಿ ಮುಚ್ಚತೊಡಗುತ್ತದೆ. ಇವುಗಳಿಗೆ ಬೆಳಗಾಗಲಿ ಎನ್ನಬೇಡಿ, 108ಕ್ಕೆ ಕರೆ ಮಾಡಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ರಸ್ತೆ ನಿಧಾನ ಮಾಡುತ್ತದೆ. ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಬೇಗ ಹೊರಡಿ.

ಹೆದರಬೇಕಿಲ್ಲದ್ದೂ ಒಂದಿದೆ: ಚೀಲ ಕೆಲವೊಮ್ಮೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮಾಟವಲ್ಲ, ಮೂತ್ರದ ರೋಗಾಣುಗಳು ಹುಟ್ಟಿಸುವ ಬಣ್ಣ. ಮಲಬದ್ಧತೆ ಇದ್ದವರಲ್ಲಿ ಹೆಚ್ಚು. ಮರುದಿನ ವೈದ್ಯರಿಗೆ ತೋರಿಸಿದರೆ ಸಾಕು.

12. ಪ್ರತಿ ಭೇಟಿಯಲ್ಲೂ ಕೇಳಿ: ಇನ್ನೂ ಬೇಕೇ?

ಮೂತ್ರದ ಪೈಪು ಇರುವ ಪ್ರತಿ ದಿನವೂ ಮೂತ್ರದಲ್ಲಿ ರೋಗಾಣು ನೆಲೆಸುವ ಸಂಭವ ಶೇ 3ರಿಂದ 7ರಷ್ಟು ಇರುತ್ತದೆ; ತಿಂಗಳು ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತವೆ. ತೆಗೆಯಬಹುದೇ, ಬೇರೆ ದಾರಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಮೂಗಿನ ಪೈಪು 4ರಿಂದ 6 ವಾರ ದಾಟುವಂತಿದ್ದರೆ ಹೊಟ್ಟೆಗೆ ನೇರ ಪೈಪು ಹಾಕುವ ಬಗ್ಗೆ, ನುಂಗುವ ಅಭ್ಯಾಸದ ಬಗ್ಗೆ ವಿಚಾರಿಸಿ.

ಅಲ್ಲಿಯವರೆಗೆ ದುಡಿಯುವ ಕೈಯನ್ನೂ ಉಳಿಸಿಕೊಳ್ಳಬೇಕು. ಇಡೀ ಹೊರೆ ಸೊಸೆಯೊಬ್ಬಳ ಹೆಗಲಿಗೆ ಬೀಳದಿರಲಿ. ರಾತ್ರಿಯ ಮಗ್ಗಲು ಬದಲಿಸುವುದು ಮಗನದು, ಚೀಲ ಖಾಲಿ ಮಾಡುವುದು ಮೊಮ್ಮಗನದು ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಾಳಿ ಬರೆಯಿರಿ. ನಿದ್ದೆಗೆಟ್ಟ ಕಣ್ಣಿಗೆ ಮೂಗಿನ ಅಂಕಿ ಕಾಣುವುದಿಲ್ಲ.

ನುಂಗುವ ಶಕ್ತಿ ಮರಳಿದವರಿಗೆ ವೈದ್ಯರು ಪೈಪು ತೆಗೆದು, ಮೊದಲ ಚಮಚ ಬಾಯಿಗೇ ಕೊಡಿ ಎನ್ನುವ ದಿನ ಬರುತ್ತದೆ. ಎಲ್ಲರಿಗೂ ಬಾರದಿರಬಹುದು. ಬಂದರೆ ಅವರ ಪುಪ್ಪುಸ ಶುದ್ಧವಾಗಿರಬೇಕು, ಮೈಯಲ್ಲಿ ಕಸುವಿರಬೇಕು, ಬಾಯಿ ಹಸಿಯಾಗಿರಬೇಕು. ಬಾರದಿದ್ದರೂ ಈ ಕ್ರಮದಿಂದ ಇರುವ ದಿನಗಳು ನೋವಿಲ್ಲದೆ ಕಳೆಯುತ್ತವೆ. ಎರಡೂ ನಿಮ್ಮ ಗೆಲುವೇ.