ಬೆಂಕಿ ಹತ್ತುವ ಮೊದಲಿನ ಊರು

ಗಲಭೆಯ ಸುದ್ದಿ ಓದುವಾಗ ನಮ್ಮ ಕಣ್ಣು ಮೊದಲು ಹೋಗುವುದು ಲೆಕ್ಕದ ಕಡೆಗೆ. ಎಷ್ಟು ವಾಹನ ಸುಟ್ಟವು, ಎಷ್ಟು ಜನರನ್ನು ಹಿಡಿದರು, ಕರ್ಫ್ಯೂ ಎಷ್ಟು ದಿನ? ಈ ವಿಷಯಕ್ಕೆ ಹೊಸದಾಗಿ ಬರುವವರು ಆ ಲೆಕ್ಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬೇರೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಬೆಂಕಿ ಹತ್ತುವ ಮೊದಲು ಆ ಊರಿನ ಹುಡುಗರಿಗೆ ಸರ್ಕಾರ ಯಾವ ರೂಪದಲ್ಲಿ ಎದುರಾಗುತ್ತಿತ್ತು? ಶಾಲೆಯಾಗಿಯೇ, ರೈಲಾಗಿಯೇ, ಕೆಲಸ ಕೊಡಿಸುವ ಕಚೇರಿಯಾಗಿಯೇ, ಇಲ್ಲಾ ಬರೀ ಪೊಲೀಸ್ ವ್ಯಾನಾಗಿಯೇ? ಈ ಪ್ರಶ್ನೆಯನ್ನು ಹಿಡಿದು ಫ್ರಾನ್ಸಿನ 2005ರ ಗಲಭೆಯನ್ನು ನೋಡೋಣ.

ಪ್ಯಾರಿಸಿನಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಕ್ಲಿಶಿ-ಸು-ಬ್ವಾ ಎಂಬ ಪಟ್ಟಣವಿದೆ. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ಮನೆಗಳ ಕೊರತೆ ವಿಪರೀತವಾದಾಗ, 1950ರಿಂದ 70ರ ದಶಕದ ತನಕ, ದೊಡ್ಡ ನಗರಗಳ ಅಂಚಿನಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳನ್ನು ಸಾಲುಸಾಲಾಗಿ ಕಟ್ಟಿದರು. ಕಾರ್ಖಾನೆಗಳ ದುಡಿಮೆಗೆಂದು ಅಲ್ಜೀರಿಯಾ, ಮೊರಾಕೊ, ಟ್ಯುನೀಶಿಯಾ, ಮಾಲಿಗಳಿಂದ ಬಂದವರು ಕ್ರಮೇಣ ಅಲ್ಲಿ ನೆಲೆಸಿದರು. ಅನುಕೂಲಸ್ಥರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. 1973ರ ತೈಲ ಬಿಕ್ಕಟ್ಟಿನ ನಂತರ ಕಾರ್ಖಾನೆಗಳು ಮುಚ್ಚತೊಡಗಿದವು. ಅಪ್ಪನಿಗೆ ಕೆಲಸ ಕೊಟ್ಟ ಗೇಟು ಮಗನಿಗೆ ತೆರೆಯಲಿಲ್ಲ. 2005ರ ಹೊತ್ತಿಗೆ ಇಂಥ ಬಡಾವಣೆಗಳಲ್ಲಿ ಕೆಲಸ ಹುಡುಕುತ್ತಿದ್ದ ಯುವಕರಲ್ಲಿ ಸುಮಾರು ಶೇ. 40ರಷ್ಟು ಮಂದಿ ನಿರುದ್ಯೋಗಿಗಳು. ಕ್ಲಿಶಿಗೆ ರೈಲು ನಿಲ್ದಾಣವೇ ಇರಲಿಲ್ಲ. ಅಷ್ಟು ಹತ್ತಿರದ ಪ್ಯಾರಿಸಿಗೆ ಹೋಗಿ ಮುಟ್ಟಲು ಬಸ್ಸು, ರೈಲು ಬದಲಿಸಿ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

2005ರ ಅಕ್ಟೋಬರ್ 27. ರಂಜಾನ್ ತಿಂಗಳು, ಶಾಲೆಗಳಿಗೆ ರಜೆ. ಫುಟ್‌ಬಾಲ್ ಆಡಿದ ಹುಡುಗರ ಗುಂಪೊಂದು ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಲೆಂದು ಹೊರಟಿತ್ತು. ಕಟ್ಟಡವೊಂದರ ಕೆಲಸ ನಡೆಯುತ್ತಿದ್ದ ಜಾಗಕ್ಕೆ ಯಾರೋ ನುಗ್ಗುತ್ತಿದ್ದಾರೆಂದು ಪೊಲೀಸರಿಗೆ ಫೋನ್ ಹೋಯಿತು, ಪೊಲೀಸರು ಬಂದರು, ಹುಡುಗರು ಓಡಿದರು. ಮೂವರು ಗೋಡೆ ಹತ್ತಿ ವಿದ್ಯುತ್ ಉಪಕೇಂದ್ರದೊಳಗೆ ಇಳಿದು ಅಡಗಿ ಕುಳಿತರು. ಸಂಜೆ 6 ಗಂಟೆ 12 ನಿಮಿಷಕ್ಕೆ ಊರಿನ ಕರೆಂಟು ಹೋಯಿತು. 17 ಮತ್ತು 15 ವರ್ಷದ ಇಬ್ಬರು ಅಲ್ಲೇ ಸತ್ತಿದ್ದರು. ಮೂರನೆಯವನು ಸುಟ್ಟ ಮೈಯಲ್ಲೇ ಹೊರಗೆ ಬಂದು ಸುದ್ದಿ ಮುಟ್ಟಿಸಿದ. ಆ ಹುಡುಗರು ಏನನ್ನೂ ಕದ್ದಿರಲಿಲ್ಲ.

ತಪ್ಪು ಮಾಡದವರು ಓಡಿದ್ದೇಕೆ? ವಿದ್ಯಾರ್ಥಿಗಳು ಪ್ರತಿ ಸಲವೂ ಕೇಳುವ ಪ್ರಶ್ನೆ ಇದು. ಇಡೀ ಪಾಠ ಇರುವುದು ಇದರ ಉತ್ತರದಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಫ್ರಾನ್ಸಿನ ಪೊಲೀಸರು ಬೀದಿಯಲ್ಲಿ ಯಾರನ್ನಾದರೂ ತಡೆದು ಗುರುತಿನ ಚೀಟಿ ಕೇಳಬಹುದು. ಚೀಟಿ ಇಲ್ಲದಿದ್ದರೆ ಠಾಣೆಗೆ ಕರೆದೊಯ್ದು ಗಂಟೆಗಟ್ಟಲೆ ಕೂರಿಸಬಹುದು. ಒಬ್ಬ ಹುಡುಗನಿಗೆ ಇದು ಒಮ್ಮೆ ಆದರೆ ಕಿರಿಕಿರಿ ಅನ್ನಬಹುದು. ವಾರವಾರವೂ, ತನ್ನದೇ ಮನೆಯ ಮೆಟ್ಟಿಲ ಬಳಿಯೇ ಆದರೆ, ಈ ದೇಶದಲ್ಲಿ ತಾನು ಯಾರು ಎಂಬುದನ್ನು ಅವನು ಅದರಿಂದಲೇ ಕಲಿಯುತ್ತಾನೆ. ನಾಗರಿಕರ ಹಕ್ಕುಗಳನ್ನು ಕಾಯುವ ಅಲ್ಲಿನ ಅಧಿಕೃತ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನೋಡಲು ಅರಬ್ಬರಂತೆ ಅಥವಾ ಕಪ್ಪು ಜನರಂತೆ ಕಾಣುವ ಯುವಕರನ್ನು ಪೊಲೀಸರು ತಡೆಯುವ ಸಂಭವ ಉಳಿದವರಿಗಿಂತ 20 ಪಟ್ಟು ಹೆಚ್ಚು. ಈ ಯುವಕರಲ್ಲಿ ಬಹುಪಾಲು ಮಂದಿ ಫ್ರಾನ್ಸಿನಲ್ಲೇ ಹುಟ್ಟಿದವರು, ಅಲ್ಲಿನದೇ ಪ್ರಜೆಗಳು. ಬಣ್ಣ, ಮೂಲ ನೋಡುವುದಿಲ್ಲ, ಎಲ್ಲರೂ ಸಮಾನರು ಎನ್ನುವ ಆ ಗಣರಾಜ್ಯ ಜನಗಣತಿಯಲ್ಲೂ ಜನಾಂಗದ ಲೆಕ್ಕ ತೆಗೆದುಕೊಳ್ಳುವುದಿಲ್ಲ. ತತ್ತ್ವ ದೊಡ್ಡದು, ನಿಜ. ಆದರೆ ಲೆಕ್ಕ ಹಾಕದ ಅನ್ಯಾಯವನ್ನು ಇಲ್ಲವೇ ಇಲ್ಲ ಎನ್ನುವುದು ಸುಲಭ.

ಪೊಲೀಸರು ಮೊದಲಿನಿಂದಲೂ ಹೀಗೇ ಇದ್ದರು ಎಂದಲ್ಲ. 1990ರ ದಶಕದ ಕೊನೆಯಲ್ಲಿ ಪ್ರಧಾನಿ ಜೋಸ್ಪಾನ್ ಅವರ ಸರ್ಕಾರ ಬಡಾವಣೆಗಳಲ್ಲೇ ಇದ್ದು, ಜನರ ಮುಖ ಪರಿಚಯವಿರುವ ಪೊಲೀಸ್ ವ್ಯವಸ್ಥೆಯೊಂದನ್ನು ತಂದಿತ್ತು. 2003ರಲ್ಲಿ ಆಗಿನ ಗೃಹಮಂತ್ರಿ ನಿಕೊಲಾ ಸರ್ಕೋಜಿ ಅದನ್ನು ಕೈಬಿಟ್ಟರು. ಪೊಲೀಸರ ಕೆಲಸ ಅಪರಾಧಿಗಳನ್ನು ಹಿಡಿಯುವುದು, ಹುಡುಗರಿಗೆ ಆಟ ಆಡಿಸುವುದಲ್ಲ ಎಂಬುದು ಅವರ ವಾದ. ಹುಡುಗರ ಸಾವಿಗೆ ಎರಡೇ ದಿನ ಮೊದಲು, ಅರ್ಜಾಂತೈ ಎಂಬಲ್ಲಿ, ಇಂಥ ಬಡಾವಣೆಯ ಯುವಕರನ್ನು ಅವರು ಪುಂಡ-ಪೋಕರಿಗಳೆಂದು ಕರೆದಿದ್ದರು. ಮಂತ್ರಿಯ ಬಾಯಿಂದ ಬಂದ ಮಾತು ಬರೀ ಮಾತಾಗಿ ಉಳಿಯುವುದಿಲ್ಲ. ಹುಡುಗರು ಸತ್ತ ಮೂರು ದಿನಗಳ ನಂತರ, ರಾತ್ರಿ ಜನ ಪ್ರಾರ್ಥನೆಯಲ್ಲಿದ್ದಾಗ, ಕ್ಲಿಶಿಯ ಮಸೀದಿಯ ಬಳಿ ಅಶ್ರುವಾಯು ಶೆಲ್ ಸಿಡಿದು ಹೊಗೆ ಒಳಗೆ ತುಂಬಿತು. ಒಂದು ಊರಿನ ಸಿಟ್ಟು ದೇಶದ ಸಿಟ್ಟಾಯಿತು.

ಮೂರು ವಾರಗಳಲ್ಲಿ ಸುಮಾರು 10,000 ವಾಹನಗಳು ಸುಟ್ಟವು, 3,000ದಷ್ಟು ಮಂದಿ ಬಂಧನಕ್ಕೊಳಗಾದರು. ಯುವಕರ ನೋವನ್ನು ಅರ್ಥ ಮಾಡಿಕೊಳ್ಳುವ ಭರದಲ್ಲಿ ಇದನ್ನು ತೇಲಿಸಿಬಿಡಬಾರದು. ಸುಟ್ಟ ಕಾರುಗಳು ಬಹುಪಾಲು ಅದೇ ಬಡಾವಣೆಯ ಕೂಲಿಕಾರರವು, ಬೆಳಗಿನ ಜಾವ ಕೆಲಸಕ್ಕೆ ಹೋಗಲು ಬೇರೆ ದಾರಿ ಇಲ್ಲದವರವು. ಶಾಲೆಗಳಿಗೂ ಬೆಂಕಿ ಬಿತ್ತು. ಸ್ಟಾನ್ ಎಂಬಲ್ಲಿ ಹಲ್ಲೆಗೊಳಗಾದ ಹಿರಿಯರೊಬ್ಬರು ಪ್ರಾಣ ಬಿಟ್ಟರು. ಇವು ತಪ್ಪುಗಳೇ. ಆದರೆ ಬೆಂಕಿ ಹಚ್ಚಿದವನ ತಪ್ಪನ್ನು ತೋರಿಸಿ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಲಾಗದು. ಗಲಭೆಯ ಹಿಂದೆ ಧಾರ್ಮಿಕ ಉಗ್ರರಿದ್ದಾರೆ ಎಂಬ ಮಾತು ಆಗ ಜೋರಾಗಿತ್ತು. ಅದು ನಿಜವಲ್ಲ, ಸಂಘಟನೆಯೇ ಇಲ್ಲದ ದಂಗೆ ಇದು ಎಂದು ಗುಪ್ತಚರ ವಿಭಾಗದ ವರದಿಯೇ ಹೇಳಿತು.

ಈ ಯುವಕರು ಶಾಂತವಾಗಿ ಕೇಳಬಹುದಿತ್ತಲ್ಲ ಎನ್ನುವವರಿಗೆ ನಾನು 1983ನ್ನು ನೆನಪಿಸುತ್ತೇನೆ. ಲ್ಯೋನ್ ಬಳಿಯ ಬಡಾವಣೆಯಲ್ಲಿ ಪೊಲೀಸ್ ಗುಂಡಿನಿಂದ ಗಾಯಗೊಂಡ ತೂಮಿ ಜೈಜಾ ಎಂಬ ಯುವಕ ಆಸ್ಪತ್ರೆಯಿಂದ ಎದ್ದುಬಂದು, ಗಾಂಧೀಜಿಯ ಮಾದರಿಯಲ್ಲಿ, ಗೆಳೆಯರೊಂದಿಗೆ ಮಾರ್ಸೇಯಿಂದ ಪ್ಯಾರಿಸಿಗೆ ಕಾಲ್ನಡಿಗೆಯಲ್ಲಿ ಹೊರಟ. ಹೊರಟಾಗ ಕೆಲವೇ ಮಂದಿ. ಡಿಸೆಂಬರ್ 3ರಂದು ಪ್ಯಾರಿಸ್ ಮುಟ್ಟಿದಾಗ ಸುಮಾರು ಒಂದು ಲಕ್ಷ ಜನ. ಅಧ್ಯಕ್ಷ ಮಿತ್ತೆರಾಂ ನಡಿಗೆಯವರನ್ನು ಬರಮಾಡಿಕೊಂಡರು, ವಲಸಿಗರಿಗೆ ಹತ್ತು ವರ್ಷದ ವಾಸದ ಪರವಾನಗಿ ಕೊಟ್ಟರು. ಬೀದಿಯ ತಪಾಸಣೆ ಮಾತ್ರ ಹಾಗೇ ಮುಂದುವರಿಯಿತು. 2005ರಲ್ಲಿ ಓಡಿದ ಹುಡುಗರು ಆ ನಡಿಗೆಯ ಹೊತ್ತಿಗೆ ಹುಟ್ಟಿಯೇ ಇರಲಿಲ್ಲ.

ಸರ್ಕಾರ ಕೊಟ್ಟ ಉತ್ತರವೇನು? ನವೆಂಬರ್ 8ರಂದು ಅದು ತುರ್ತು ಪರಿಸ್ಥಿತಿ ಹೇರಿತು. ಅದಕ್ಕೆ ಬಳಸಿದ್ದು ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟವನ್ನು ಹತ್ತಿಕ್ಕಲು 1955ರಲ್ಲಿ ಮಾಡಿದ ಕಾನೂನು. ಅಜ್ಜನ ಮೇಲೆ ಪ್ರಯೋಗಿಸಿದ್ದನ್ನೇ ಮೊಮ್ಮಗನ ಮೇಲೂ ಪ್ರಯೋಗಿಸಿದಂತಾಯಿತು. ನಂತರ ಕಟ್ಟಡಗಳಿಗೆ ಹಣ ಹರಿಯಿತು, ಎಷ್ಟೋ ಹಳೆಯ ಗೋಪುರಗಳನ್ನು ಕೆಡವಿ ಹೊಸ ಮನೆ ಕಟ್ಟಿದರು. ಅದು ಸಣ್ಣ ಕೆಲಸವಲ್ಲ. ಕ್ಲಿಶಿಗೆ ಪೊಲೀಸ್ ಠಾಣೆ 2010ರಲ್ಲಿ ಬಂತು, ಟ್ರಾಮ್ ಬಂದದ್ದು 2019ರ ಕೊನೆಯಲ್ಲಿ. ಹುಡುಗರನ್ನು ಕಾಪಾಡಲಿಲ್ಲವೆಂಬ ಆರೋಪ ಹೊತ್ತ ಇಬ್ಬರು ಪೊಲೀಸರನ್ನು 2015ರ ಮೇ ತಿಂಗಳಲ್ಲಿ ರೆನ್ ನಗರದ ನ್ಯಾಯಾಲಯ ಖುಲಾಸೆ ಮಾಡಿತು.

2023ರ ಜೂನ್ 27ರಂದು ಪ್ಯಾರಿಸ್ ಬಳಿಯ ನಾಂತೇರ್‌ನಲ್ಲಿ ವಾಹನ ತಪಾಸಣೆಯ ವೇಳೆ 17 ವರ್ಷದ ಹುಡುಗನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದ. ಮತ್ತೆ ದೇಶದುದ್ದಕ್ಕೂ ಬೆಂಕಿ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆಗಳು ಹೂಡಿದ್ದ ದಾವೆಯಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತಾತ್ಮಕ ನ್ಯಾಯಾಲಯ ತೀರ್ಪಿತ್ತಿತು. ಮುಖ ನೋಡಿ ತಪಾಸಣೆ ಮಾಡುವುದು ಎಲ್ಲೋ ಒಂದೆರಡು ಕಡೆ ನಡೆಯುವ ಸಂಗತಿಯಲ್ಲ ಎಂದು ಅದು ಒಪ್ಪಿಕೊಂಡಿತು. ಆದರೆ ಅದನ್ನು ಸರಿಪಡಿಸುವ ನೀತಿ ರೂಪಿಸುವುದು ತನ್ನ ಅಧಿಕಾರದಲ್ಲಿಲ್ಲ, ಅದು ಸರ್ಕಾರ ಮತ್ತು ಸಂಸತ್ತಿನ ಕೆಲಸ ಎಂದು ಹೇಳಿ ಅರ್ಜಿಯನ್ನು ವಜಾ ಮಾಡಿತು.